ಇಡ್ಲಿ ಪಾತ್ರೆಯ ಬ್ಲೂಸ್

ನಾನು ಗಿಟಾರ್ ಕೊಂಡದ್ದು ನುಡಿಸುವುದಕ್ಕಲ್ಲ, ಪಾಠ ಮಾಡುವುದಕ್ಕೆ. ಅಜ್ಜಂಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಶಬ್ದದ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಅಲೆ ಬರೆದು "ತಂತಿ ಹೀಗೆ ಕಂಪಿಸುತ್ತದೆ" ಎನ್ನುತ್ತಿದ್ದೆ. ಮಕ್ಕಳು ಅದನ್ನು ಹಾವೆಂದು ತಿಳಿದು, ಕೆಲವರು ಹೆಡೆಯನ್ನೂ ಸೇರಿಸಿ, ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಒಂದು ವರ್ಷ ಬೇಸತ್ತು ಶಿವಮೊಗ್ಗಕ್ಕೆ ಹೋಗಿ ಅಂಗಡಿಯಲ್ಲಿದ್ದುದರಲ್ಲೇ ಅಗ್ಗದ ಗಿಟಾರ್ ತಂದೆ. ಪಾಠವೇನೋ ಚೆನ್ನಾಗಿಯೇ ನಡೆಯಿತು. ಅದು ಮುಗಿದ ಮೇಲೆ ಗಿಟಾರ್ ಕಡೂರಿನ ನಮ್ಮ ಮನೆಗೆ ಬಂದು ಬೀರುವಿನ ಮೇಲೆ ಮಲಗಿತು.

ಬೇಸಿಗೆ ರಜೆಯಲ್ಲಿ ಧೂಳು ಹೊಡೆಯಲು ಕೆಳಗಿಳಿಸಿದಾಗ, ಇದಕ್ಕೆ ಶ್ರುತಿಯಾದರೂ ಮಾಡಿ ಇಡೋಣ ಎಂದು ಮೊಬೈಲಿನಲ್ಲಿ ಹುಡುಕಿದೆ. ಮೊಬೈಲಿನದು ಗೊತ್ತೇ ಇದೆ. ಒಂದು ಕೇಳಿದರೆ ಅದರ ಹಿಂದೆ ಹತ್ತು ತೋರಿಸುತ್ತದೆ. ಹಾಗೆ ತೋರಿಸಿದ್ದರಲ್ಲಿ ಬಿಳಿ ಗಡ್ಡದ ಒಬ್ಬ ಮುದುಕರು, ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು, ಕಿರುಬೆರಳಿಗೆ ಗಾಜಿನ ಬಾಟಲಿಯ ಕತ್ತನ್ನು ಉಂಗುರದ ಹಾಗೆ ತೊಟ್ಟುಕೊಂಡು ನುಡಿಸುತ್ತಿದ್ದರು. ಅವರು ತಂತಿಯನ್ನು ಒತ್ತುತ್ತಿರಲಿಲ್ಲ, ಗಾಜನ್ನು ಅದರ ಮೇಲೆ ಸುಮ್ಮನೆ ಜಾರಿಸುತ್ತಿದ್ದರು. ಸ್ವರ ಮೆಟ್ಟಿಲು ಹತ್ತದೆ ಇಳಿಜಾರಿನಲ್ಲಿ ಬಂದ ಹಾಗೆ ಬರುತ್ತಿತ್ತು. ನಮ್ಮ ಕಡೆ ಹೆಂಗಸರು ಮನೆಗೆ ಬಂದು, ಗೋಡೆಗೊರಗಿ ಕೂತು, "ಏನ್ ಹೇಳ್ಲಿ ಕಣವ್ವಾ" ಎಂದು ಶುರು ಮಾಡುತ್ತಾರಲ್ಲ, ಆ ಮೊದಲ ಎಳೆತ ಇದ್ದ ಹಾಗೆಯೇ ಇತ್ತು. ನನಗೆ ಅಡುಗೆಮನೆಯಲ್ಲಿ ಇಟ್ಟಿದ್ದ ಹಾಲಿನ ನೆನಪೂ ಆಗಲಿಲ್ಲ. ಅದು ಉಕ್ಕಿ ಒಲೆಯೆಲ್ಲ ಆಯಿತು.

ಆ ಸಂಗೀತದ ಹೆಸರು ಕಂಟ್ರಿ ಬ್ಲೂಸ್ ಎಂದು ಆಮೇಲೆ ತಿಳಿಯಿತು. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರು ಕಟ್ಟಿದ ಹಾಡುಗಳು. ರೈಲು, ಹೇಸರಗತ್ತೆ, ನೆರೆ, ಕೆಟ್ಟ ಧಣಿ, ಬಿಟ್ಟು ಹೋದ ಪ್ರೀತಿ, ಎಲ್ಲವೂ ಅವುಗಳಲ್ಲಿ ಇವೆ. ಗಿಟಾರಿನ ತಂತಿಗಳನ್ನು ಬೇರೆ ರೀತಿ ಶ್ರುತಿ ಮಾಡಿ, ಸುಮ್ಮನೆ ಮೀಟಿದರೂ ಆರೂ ಒಂದಾಗಿ ಹೊಂದುವಂತೆ ಇಟ್ಟುಕೊಂಡು, ಮೇಲೆ ಬೆರಳಿಗೆ ತೊಟ್ಟ ಜಾರುಗೊಳವೆ ಆಡಿಸುವುದು ಅದರ ಪದ್ಧತಿ.

ಜಾರುಗೊಳವೆ ನನ್ನ ಹತ್ತಿರ ಇರಲಿಲ್ಲ. ಮೊದಲು ಚಮಚದ ಹಿಡಿಯಲ್ಲಿ ಆಡಿಸಿದೆ. ಆಮೇಲೆ ಔಷಧಿ ಬಾಟಲಿ, ಆಮೇಲೆ ನೀರು ಕುಡಿಯುವ ಲೋಟ. ಹಿಂದಿನ ಮನೆಯಾಕೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ನಮ್ಮತ್ತೆಯನ್ನು ಕೇಳಿದರು.

"ನಿಮ್ಮನೇಲಿ ಯಾರ್ಗಾದ್ರೂ ಹುಷಾರಿಲ್ವಾ ಅಜ್ಜಿ?"

"ಎಲ್ಲಾ ಹುಷಾರಾಗೇ ಅವ್ರೆ ಕಣವ್ವ. ಅದು ಸಂಗೀತ" ಎಂದು ನಮ್ಮತ್ತೆ ನನ್ನ ಮಾನ ಉಳಿಸಿದರು. ಒಳಗೆ ಬಂದು, "ನಂಗೂ ಮೊದ್ಲು ಹಂಗೇ ಅನ್ನಿಸ್ತು" ಎಂದರು.

ನಮ್ಮತ್ತೆ ಯಗಟಿಯವರು. ತೆಂಗಿನ ತೋಟ, ರಾಗಿ ಹೊಲ ಎಲ್ಲ ಅಲ್ಲಿವೆ. ಭಾವ ನೋಡಿಕೊಳ್ಳುತ್ತಾರೆ. ಅತ್ತೆ ಇರುವುದು ನಮ್ಮ ಜೊತೆ. ಆದರೆ ಕಾಯಿ ಕೀಳಿಸುವಾಗ ತಾವಿಲ್ಲದಿದ್ದರೆ ಮರಗಳು ಬೇಸರ ಮಾಡಿಕೊಳ್ಳುತ್ತವೆ ಎಂಬಂತೆ ಬಸ್ ಹತ್ತಿ ಹೋಗಿ ಬರುತ್ತಾರೆ. ಅವರ ಮಗ, ಎಂದರೆ ನನ್ನ ಯಜಮಾನರು, ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾರೆ. ಮಾತು ಕಡಿಮೆ. ನಾನು ಲೋಟದಲ್ಲಿ ಪಡುತ್ತಿದ್ದ ಪಾಡನ್ನು ಎರಡು ದಿನ ನೋಡಿ, ಮೂರನೆಯ ದಿನ ಅಂಗಡಿಯಿಂದ ಅಳತೆಯ ವರ್ನಿಯರ್ ತಂದು, "ಬೆರಳು ಕೊಡು" ಎಂದರು. ಮದುವೆಗೆ ಉಂಗುರ ಮಾಡಿಸಿದಾಗ ಅಂದಾಜಿನಲ್ಲೇ ಮಾಡಿಸಿದ್ದರು, ಅದು ಇವತ್ತಿಗೂ ನನಗೆ ಸಡಿಲ. ಈಗ ಕಿರುಬೆರಳಿನ ಬುಡ ಒಂದು ಅಳತೆ, ಗೆಣ್ಣು ಒಂದು ಅಳತೆ ತೆಗೆದುಕೊಂಡರು. ಮೋಟಾರಿನೊಳಗಿನ ಕೊಳವೆಯಂಥ ಹಳೆಯ ಸ್ಟೀಲ್ ಬುಶ್ ಒಂದನ್ನು ಲೇತಿಗೆ ಹಾಕಿ, ಒಳಗೂ ಹೊರಗೂ ನುಣ್ಣಗೆ ಮಾಡಿ ತಂದರು. ಹಾಕಿದರೆ ಬೆರಳಿನೊಂದಿಗೇ ಹುಟ್ಟಿದ ಹಾಗೆ ಕೂತಿತು.

"ಚೆನ್ನಾಗೈತಾ?" ಎಂದರು.

"ಉಂಗುರಾನೂ ಇದ್ರಲ್ಲೇ ಮಾಡಿಸ್ಬಿಡಿ" ಎಂದೆ. ಅವರು ಅದನ್ನು ಆರ್ಡರ್ ಎಂದು ತಿಳಿದು ಸ್ವಲ್ಪ ಹೊತ್ತು ಯೋಚಿಸಿದರು.

ಆ ಬಿಳಿ ಗಡ್ಡದವರು ನಿವೃತ್ತ ಬಡಗಿ. ಬೇರೆ ಬೇರೆ ದೇಶಗಳ ಕಲಿಯುವವರನ್ನೆಲ್ಲ ಸೇರಿಸಿ ಮೊಬೈಲಿನಲ್ಲಿ ಒಂದು ಬಳಗ ಮಾಡಿಕೊಂಡಿದ್ದರು. ನಾನು ಅವರನ್ನು ಗುರುಗಳು ಎಂದೇ ಕರೆಯುತ್ತಿದ್ದೆ. ಆ ಪದದ ಅರ್ಥ ಗೊತ್ತಾದ ಮೇಲೆ ಅವರು ನಾಚಿಕೊಂಡು, ಆದರೆ ಬೇಡ ಎನ್ನದೆ, ಒಪ್ಪಿಕೊಂಡರು. ಬಳಗದ ನಿಯಮ ಒಂದೇ. ಒಂದು ಹಾಡು ತೆಗೆದುಕೊಂಡರೆ ಒಂದು ಹಾಡು ಕೊಡಬೇಕು. ಅದು ಯಾವ ಭಾಷೆಯಲ್ಲಾದರೂ ಇರಲಿ, ನಿಮ್ಮ ಮನೆಯದಾಗಿರಬೇಕು.

ತೆಗೆದುಕೊಳ್ಳುವುದು ಸುಲಭವಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ರೈಲಿನ ಹಾಡೊಂದು ನನ್ನ ಕೈಗೆ ಬಂದಿತ್ತು. ಹೆಬ್ಬೆರಳು ಕೆಳಗಿನ ಸ್ವರದಲ್ಲಿ ಗಾಲಿಯ ಹಾಗೆ ಒಂದೇ ಸಮ ಬಡಿಯಬೇಕು, ಜಾರುಗೊಳವೆ ಮೇಲಿನ ತಂತಿಯಲ್ಲಿ ಸೀಟಿ ಹಾಕಬೇಕು. ನಾನು ದಿನಾ ಕಡೂರಿನಿಂದ ಅಜ್ಜಂಪುರಕ್ಕೆ ಪ್ಯಾಸೆಂಜರ್ ರೈಲಿನಲ್ಲೇ ಓಡಾಡುವವಳಾದ್ದರಿಂದ ಹೆಬ್ಬೆರಳಿಗೆ ಗಾಲಿಯ ತಾಳ ಹೇಳಿಕೊಡಬೇಕಾಗಿ ಬರಲಿಲ್ಲ. ಹಾಡಿನ ಅರ್ಥವನ್ನು ಅತ್ತೆಗೆ ಹೇಳಿದೆ. ಅವನು ಬರುತ್ತೇನೆಂದ, ಬರಲಿಲ್ಲ, ರೈಲು ಹೊರಟುಹೋಯಿತು, ಅವಳು ಸ್ಟೇಷನ್ನಿನಲ್ಲೇ ನಿಂತಳು.

"ಮುಂದಿನ್ ರೈಲಿಗೆ ಹೋಗ್ಬೇಕಾಗಿತ್ತಪ್ಪ" ಎಂದರು ಅತ್ತೆ.

ಕೊಡುವ ಹೊತ್ತು ಬಂದಾಗ ನನ್ನ ಹತ್ತಿರ ಏನೂ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಹಾಡುವುದಿಲ್ಲ. ಅತ್ತೆಯನ್ನು ಬೀಸುವ ಪದ ಗೊತ್ತೇ ಎಂದು ಕೇಳಿದರೆ, "ನಾವು ಮಿಲ್ಲಿಗೇ ಹಾಕ್ಸ್ತಿದ್ದಿದ್ದು ಕಣೇ" ಎಂದುಬಿಟ್ಟರು. ಗುರುಗಳು ಎರಡು ಸಲ ನೆನಪಿಸಿದರು. ನಾನು ಶಾಲೆಯಲ್ಲಿ ಪರೀಕ್ಷೆ ಎಂದು ಸುಳ್ಳು ಹೇಳಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ಜಗುಲಿಯಲ್ಲಿ ಗಿಟಾರ್ ಹಿಡಿದು ಕೂತಿದ್ದೆ. ಹಾಲಿನವನು ಬಂದ. ಅತ್ತೆ ಪಾತ್ರೆ ಹಿಡಿದು ಹೊರಗೆ ಬಂದರು.

"ನಿನ್ನೆ ಹಾಲು ನೀರಾಗಿತ್ತು ಕಣಪ್ಪ" ಎಂದರು. ಅವನು ಅಳೆಯುತ್ತಲೇ ಇದ್ದ. "ನಿನ್ನೆ ಹಾಲು ನೀರಾಗಿತ್ತು ಅಂದೆ" ಎಂದರು, ಇನ್ನೂ ಸ್ವಲ್ಪ ಎಳೆದು. ಅವನು ತಲೆ ಎತ್ತಿದ. "ನಾಳೆಯಿಂದ ನೀರ್ನೇ ತಂದ್ಬಿಡು, ಹಾಲ್ನ ಯಾಕ್ ಸುಮ್ನೆ ಹಾಳ್ಮಾಡ್ತೀಯ."

ನನ್ನ ಕೈ ತಂತಿಯ ಮೇಲೇ ನಿಂತಿತು. ಬ್ಲೂಸ್ ಹಾಡಿನ ಕಟ್ಟು ಅದೇ. ಒಂದು ಸಾಲು ಹೇಳುವುದು, ಅದನ್ನೇ ಇನ್ನೊಮ್ಮೆ ಹೇಳುವುದು, ಕೇಳುವವನು ತಲೆ ಎತ್ತಿದ ಮೇಲೆ ಮೂರನೆಯ ಸಾಲಿನಲ್ಲಿ ಹೊಡೆಯುವುದು. ಗುರುಗಳು ಇದನ್ನು ನನಗೆ ವಿವರಿಸಲು ಒಂದು ಇಡೀ ಭಾನುವಾರ ತೆಗೆದುಕೊಂಡಿದ್ದರು. ನಮ್ಮತ್ತೆ ಜೀವಮಾನವೆಲ್ಲ ಆ ಕಟ್ಟಿನಲ್ಲೇ ಬೈಯುತ್ತ ಬಂದಿದ್ದರು. ನಾನು ಇಷ್ಟು ವರ್ಷ ಅದನ್ನು ಬರೀ ಬೈಗುಳ ಎಂದುಕೊಂಡಿದ್ದೆ.

ಅವತ್ತಿನಿಂದ ಅವರ ಹಿಂದೆ ಹಿಂದೆ ಓಡಾಡಿದೆ. ಯಗಟಿ ಬಸ್ಸಿನ ಮೇಲೆ ಒಂದು ಪದ್ಯ ಸಿಕ್ಕಿತು. ಬಸ್ಸು ಬತ್ತದೆ ಅಂದ್ರು, ಬಸ್ಸು ಬತ್ತದೆ ಅಂದ್ರು, ಕಾದೂ ಕಾದೂ ಚೀಲದಾಗಿನ ತೆಂಗಿನ್ಕಾಯಿ ಮೊಳ್ಕೆ ಒಡೀತು. ಮೂರನೆಯ ಪದ್ಯಕ್ಕೆ ಇನ್ನೇನಾದರೂ ಇದೆಯೇ ಎಂದು ಕೇಳಿದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಸ್ವಲ್ಪ ಯೋಚಿಸಿ ಹೇಳಿದರು.

"ಇಡ್ಲಿ ಪಾತ್ರೆ ಈಸ್ಕೊಂಡ್ ಹೋದ್ರು. ಇಡ್ಲಿ ಪಾತ್ರೆ ಈಸ್ಕೊಂಡ್ ಹೋದ್ರು. ವಾಪಸ್ ಬರೋ ಮಾತೇ ಇಲ್ಲ, ಅದು ಅವ್ರ ಮನೇಗೇ ಸೊಸೆಯಾಗ್ಬಿಡ್ತೇನೋ."

ನಾನು ನಕ್ಕು ನಕ್ಕು, ಯಾರ ಪಾತ್ರೆ, ಯಾರ ಮನೆ ಎಂದು ಕೇಳುವುದನ್ನೇ ಮರೆತೆ. ಮೂರೂ ಪದ್ಯ ಸೇರಿಸಿ, ನಾನೇ ಹಾಡಿ, ನುಡಿಸಿ, ಇಂಗ್ಲಿಷಿನಲ್ಲಿ ಅರ್ಥ ಬರೆದು ಬಳಗಕ್ಕೆ ಕಳಿಸಿದೆ.

ಅಲ್ಲಿ ಹಾಡು ಗೆದ್ದಿತು. ಗುರುಗಳು, ತಮ್ಮ ಅಜ್ಜಿಯೂ ಹಾಲಿನವನ ಜೊತೆ ಹೀಗೇ ಮಾತಾಡುತ್ತಿದ್ದರು ಎಂದು ಬರೆದರು. ವರ್ಷಕ್ಕೆ ಆರು ತಿಂಗಳು ಹಿಮ ಬೀಳುವ ಯಾವುದೋ ಊರಿನವರೊಬ್ಬರು ಹಾಲಿನ ಪದ್ಯವನ್ನು ಕನ್ನಡದಲ್ಲೇ ಕಲಿತು ಹಾಡಿ ಕಳಿಸಿದರು. ಅವರ ಬಾಯಲ್ಲಿ ಹಾಲು ಎಂಬುದು 'ಆಲು' ಆಗಿತ್ತು. ಅತ್ತೆಗೆ ಕೇಳಿಸಿದೆ. ಅವರು ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಪೂರ್ತಿ ಕೇಳಿದರು.

"ಇವ್ನು ನಮ್ ಕಡೆಯೋನೇ ಕಣೇ. ಯಾವೂರಂತೆ ಕೇಳು" ಎಂದರು.

ತೊಂದರೆ ಬಂದದ್ದು ಯಜಮಾನರ ಅಭಿಮಾನದಿಂದ. ಮಾತಾಡದ ಮನುಷ್ಯ, ಯಾರಿಗೂ ಹೇಳದೆ ನನ್ನ ಹಾಡಿನ ವಿಡಿಯೊವನ್ನು, ಹಿಮದೂರಿನವರದನ್ನೂ ಸೇರಿಸಿ, ಕುಟುಂಬದ ಗ್ರೂಪಿಗೆ ಹಾಕಿಬಿಟ್ಟಿದ್ದರು. ಯಗಟಿಯ ಭಾವ ಕೈ ಮುಗಿಯುವ ಚಿತ್ರ ಕಳಿಸಿದರು. ಇನ್ಯಾರೋ ನಗುವ ಮುಖಗಳನ್ನು ಕಳಿಸಿದರು. ಅದರ ಕೆಳಗೆ ಒಂದು ಬೂದು ಸಾಲು ಕಾಣಿಸಿತು. ನನ್ನ ನಾದಿನಿ ಗ್ರೂಪ್ ಬಿಟ್ಟಿದ್ದಳು.

ನಾದಿನಿ ತರೀಕೆರೆಯಲ್ಲಿದ್ದಾಳೆ. ಯಜಮಾನರಿಗೆ ಒಬ್ಬಳೇ ತಂಗಿ. ಅವಳ ಮನೆಯವರದು ಅಲ್ಲಿ ದಿನಸಿ ಅಂಗಡಿ. ಅವಳೇ ಗಲ್ಲಾದಲ್ಲಿ ಕೂರುವವಳು. ನಗುವಾಗಲೂ ಸಿಟ್ಟಾದಾಗಲೂ ಒಂದೇ ದೊಡ್ಡ ದನಿ. ನನಗೆ ಆಗಲೇ ಅನುಮಾನ ಬಂದು ಅತ್ತೆಯನ್ನು ಕೇಳಿದೆ.

"ಇಡ್ಲಿ ಪಾತ್ರೆ ಯಾರ್ ತಗೊಂಡ್ ಹೋಗಿದ್ದು?"

"ಇನ್ಯಾರು, ಅವ್ಳೇ."

"ಮೊದ್ಲೇ ಹೇಳ್ಬಾರ್ದಾಗಿತ್ತಾ?"

"ನೀನ್ ಕೇಳ್ಲಿಲ್ವಲ್ಲ" ಎಂದರು. ಮತ್ತೆ, "ಪಾತ್ರೆ ಬಿಡು ಅಂದ್ರೆ ಗ್ರೂಪ್ ಬಿಟ್ಳಾ" ಎಂದು ತಮಗೇ ಹೇಳಿಕೊಂಡರು.

ಫೋನ್ ಮಾಡಿದರೆ ಅವಳು ಎತ್ತಲಿಲ್ಲ. ಯಜಮಾನರು ಮಾಡಿದರೆ ಅವಳ ಗಂಡ ಎತ್ತಿ, "ಅಂಗಡೀಲಿ ರಶ್ಶು ಭಾವ" ಎಂದು ಪಿಸುಗುಟ್ಟಿ ಇಟ್ಟರು. ಅಂಗಡಿಗೆ ವಾರದ ರಜೆ ಇರುವ ದಿನ ಅದು. ಮುಂದಿನ ಭಾನುವಾರ ನಾನೇ ಹೋಗುವುದೆಂದು ನಿಶ್ಚಯಿಸಿದೆ. ಅತ್ತೆ ತಾವೂ ಬರುವುದಾಗಿ ಹೊರಟು ನಿಂತರು. ಅವರ ಹೆಗಲಲ್ಲಿ ಗಿಟಾರ್ ಇತ್ತು.

"ಅದ್ಯಾಕತ್ತೆ? ನಾವು ಹೋಗ್ತಿರೋದು ಸಮಾಧಾನ ಮಾಡಕ್ಕೆ."

"ಇರ್ಲಿ ಕಣೇ. ಮಾತ್ ನಿಂತೋದ್ರೆ ಏನಾದ್ರೂ ಶಬ್ದ ಬೇಕಲ್ಲ" ಎಂದರು.

ಬೀರೂರು ದಾಟುವವರೆಗೂ ಬಸ್ಸಿನಲ್ಲಿ ಎಲ್ಲರೂ ನಮ್ಮನ್ನು ಮದುವೆಗೆ ಹೋಗುವ ವಾದ್ಯದವರೆಂದು ನೋಡುತ್ತಿದ್ದರು. ಒಬ್ಬರಂತೂ ಅತ್ತೆಯ ಹತ್ತಿರ ಮಗನ ಮದುವೆಗೆ ಬರುತ್ತೀರಾ ಎಂದು ವಿಚಾರಿಸಿದರು. ಅತ್ತೆ ಇಲ್ಲವೆನ್ನಲಿಲ್ಲ. ಯಾವಾಗ ಎಂದು ಕೇಳಿದರು.

ನಾದಿನಿ ಬಾಗಿಲು ತೆಗೆದು, "ಬನ್ನಿ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು. ನಾವು ಕೂತೆವು. ಅವಳ ಗಂಡ ನಮಗೆ ನೀರು ಕೊಟ್ಟು, ಹವಾಮಾನದ ವಿಷಯ ಮಾತಾಡಿ, ಅಂಗಡಿಯ ನೆಪ ಹೇಳಿ ಎದ್ದುಹೋದರು. ಒಳಗಿನಿಂದ ಪಾತ್ರೆಗಳ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಎರಡು ತಟ್ಟೆಗಳಲ್ಲಿ ಇಡ್ಲಿ ತಂದು, ಒಂದನ್ನು ನನ್ನ ಮುಂದೆ ಮೆಲ್ಲಗೆ, ಇನ್ನೊಂದನ್ನು ತನ್ನ ಅಮ್ಮನ ಮುಂದೆ ಠಣ್ಣೆಂದು ಇಟ್ಟಳು.

"ತಿನ್ನು. ನನ್ ಸೊಸೆ ಮಾಡಿರೋದು" ಎಂದಳು.

ನನಗೆ ನಗು ಬಂತು. ನಗುವ ಹೊತ್ತಲ್ಲ ಎಂದು ಇಡ್ಲಿ ಮುರಿದು ಬಾಯಿಗೆ ಹಾಕಿಕೊಂಡೆ. ಹತ್ತಿಯ ಹಾಗಿತ್ತು. ಅತ್ತೆ ನಿಧಾನವಾಗಿ ಒಂದು ತಿಂದು, "ಉಪ್ಪು ಒಂಚೂರು ಕಮ್ಮಿ" ಎಂದರು.

ಆಗ ನಾದಿನಿಯ ಕಟ್ಟೆ ಒಡೆಯಿತು. "ಪಾತ್ರೆ ನಾನ್ ಈಸ್ಕೊಂಡ್ ಬಂದಿದ್ದಾ? ಗೃಹಪ್ರವೇಶದಲ್ಲಿ ನೀನೇ ಹೊತ್ಕೊಂಡ್ ಬಂದು, ಇಟ್ಕಳೆ, ಅಲ್ಲಿ ಹೊಸ ಕುಕ್ಕರ್ ಐತೆ ಅಂದೆಯೋ ಇಲ್ವೋ? ಅದ್ರ ತಳದಲ್ಲಿ ತೂತು ಬೇರೆ. ಈಗ ದೇಶ ದೇಶಕ್ಕೆಲ್ಲ ಹಾಡು ಕಳ್ಸಿದೀರ. ಆ ಹಿಮದೂರಿನೋರು ನನ್ನ ಏನಂದ್ಕೊಂಡಿರ್ತಾರೆ?"

ನಾನು ಅತ್ತೆಯ ಮುಖ ನೋಡಿದೆ. ಅವರು ಚಟ್ನಿಯನ್ನು ಬೆರಳಲ್ಲಿ ಒರೆಸಿ ನೆಕ್ಕಿದರು.

"ಅಂದಿದ್ನೇನೋ ಕಣೇ" ಎಂದರು. "ಪದಕ್ಕೆ ಕೂತ್ಕೊಂಡಾಗ ಅಷ್ಟೆಲ್ಲ ನೋಡಕ್ಕಾಗ್ತದಾ?"

ನನ್ನ ಕೈಗೆ ಕೆಲಸ ಬೇಕಾಗಿತ್ತು. ಗಿಟಾರಿನ ಚೀಲ ಬಿಚ್ಚಿ ಸುಮ್ಮನೆ ಶ್ರುತಿ ನೋಡತೊಡಗಿದೆ. "ತಪ್ಪಾಯ್ತು ಕಣಮ್ಮ, ಕೇಳ್ದೆ ಹಾಡ್ಬಿಟ್ಟೆ" ಎಂದೆ. "ನೀನೂ ಒಂದು ಹೇಳು. ಅದನ್ನೂ ಕಳಿಸ್ತೀನಿ. ಅಮ್ಮಂಗೆ ಉತ್ತರ ಅಂತ."

"ನಾನ್ ಹಾಡಲ್ಲ ಅತ್ಗೆ" ಎಂದಳು. ದನಿ ಒಮ್ಮೆಲೇ ಸಣ್ಣದಾಗಿತ್ತು. "ಗೊತ್ತಲ್ಲ ನಿಮ್ಗೆ."

ನನಗೆ ಗೊತ್ತಿರಲಿಲ್ಲ. ಅವಳೇ ಹೇಳಿದಳು. ಯಗಟಿಯ ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲಿಸಿದ್ದರಂತೆ. ಇವಳ ದನಿ ಹಾರ್ಮೋನಿಯಂನ ಯಾವ ಸ್ವರದ ಮನೆಗೂ ಸೇರದೆ ಎರಡರ ನಡುವೆ ನಿಲ್ಲುತ್ತಿತ್ತಂತೆ, ಹೋಗುತ್ತ ಹೋಗುತ್ತ ಮೇಲಕ್ಕೇರುತ್ತಿತ್ತಂತೆ. ಮೇಷ್ಟ್ರು, ನೀನು ಸುಮ್ಮನೆ ಬಾಯಿ ಆಡಿಸು ಎಂದರಂತೆ. ಏಳನೆಯ ತರಗತಿಯವರೆಗೂ ಬಾಯಿ ಆಡಿಸಿದಳಂತೆ. ಆಮೇಲೆ ಮದುವೆ ಮನೆಗಳಲ್ಲೂ, ಮಠದ ಸೋಮವಾರದ ಭಜನೆಯಲ್ಲೂ ಬಾಯಿ ಆಡಿಸುವುದೇ ಅಭ್ಯಾಸವಾಯಿತಂತೆ. ಅತ್ತೆ ತಟ್ಟೆ ಕೆಳಗಿಟ್ಟು ಮಗಳನ್ನೇ ನೋಡುತ್ತಿದ್ದರು. ಅವರಿಗೂ ಇದು ಹೊಸದೆಂದು ಕಾಣುತ್ತದೆ.

"ಹಾಡ್ಬೇಡ, ಬೈಯಿ" ಎಂದೆ. "ನಿಮ್ಮಮ್ಮ ಬೈತಾರಲ್ಲ, ಹಂಗೆ."

ಅವಳು ಅಮ್ಮನ ಕಡೆ ತಿರುಗಿದಳು. "ಕೊಡೋವಾಗ ಮಗಳು ಅಂದೆ" ಎಂದಳು. ನಾನು ಹೆಬ್ಬೆರಳಿನ ತಾಳ ಹಿಡಿದೆ. "ಕೊಡೋವಾಗ ಮಗಳು ಅಂದೆ" ಎಂದು ಇನ್ನೊಮ್ಮೆ ಎಂದಾಗ ಅದು ಮಾತಿನಿಂದ ಎದ್ದು ರಾಗಕ್ಕೆ ಕಾಲಿಟ್ಟಿತ್ತು. "ತೂತು ಮುಚ್ಚಿ ತೊಳ್ದಿಟ್ಮೇಲೆ ಕಳ್ಳಿ ಅಂದ್ಯಲ್ಲವ್ವಾ."

ಮೊದಲಿಗೆ ನನ್ನ ತಂತಿ ಒಂದು ಕಡೆ, ಅವಳ ದನಿ ಇನ್ನೊಂದು ಕಡೆ. ಅವಳು ನಿಜವಾಗಿಯೂ ಎರಡು ಮನೆಗಳ ನಡುವೆ ನಿಂತಿದ್ದಳು. ನಾನು ಕಣ್ಣಲ್ಲಿ ಗಿಟಾರಿನ ಕತ್ತಿನ ಮೇಲಿನ ಸ್ವರದ ಗೆರೆ ನೋಡಿಕೊಂಡು ಅಲ್ಲಿಗೆ ಸರಿಯಾಗಿ ಜಾರಿಸುತ್ತಿದ್ದೆ. ಹೊಂದಲಿಲ್ಲ. ಗೆರೆ ನೋಡಬೇಡ, ಕಿವಿ ಕೊಡು ಎಂದು ಗುರುಗಳು ಹೇಳುತ್ತಲೇ ಇದ್ದರು. ಕಣ್ಣು ಮುಚ್ಚಿದೆ. ಉಳಿದ ತಂತಿಗಳನ್ನು ಅಂಗೈಯಲ್ಲಿ ಅದುಮಿ ಬರೀ ಟಕ್ ಟಕ್ ತಾಳ ಉಳಿಸಿಕೊಂಡು, ಅವಳು ಎಲ್ಲಿದ್ದಾಳೋ ಅಲ್ಲಿಗೆ ಸ್ಟೀಲನ್ನು ಮೆಲ್ಲಗೆ ಸರಿಸಿದೆ. ಸಿಕ್ಕಿದಳು. ಸಿಟ್ಟು ಏರಿದ ಹಾಗೆ ಅವಳು ಮೇಲೇರಿದಳು. ಜಾರುಗೊಳವೆಗೆ ಅದೇನು ಕಷ್ಟ, ಅದೂ ಜೊತೆಗೆ ಏರಿತು. ಜಾರುವ ಸ್ಟೀಲಿಗೆ ಮನೆಯೇ ಇಲ್ಲ, ಮನೆ ತಪ್ಪುವ ಭಯವೂ ಇಲ್ಲ. ಅವಳಿಗೂ ಅದು ಕೇಳಿಸಿತು. ತನ್ನ ದನಿಯ ಪಕ್ಕದಲ್ಲೇ ಯಾರೋ ನಡೆದು ಬರುತ್ತಿದ್ದಾರೆಂದು ಗೊತ್ತಾದವಳ ಹಾಗೆ ನನ್ನ ಬೆರಳನ್ನು ನೋಡಿ, ದೊಡ್ಡ ದನಿಯಲ್ಲಿ ಎರಡನೆಯ ಪದ್ಯಕ್ಕೆ ಹೋದಳು.

ಮುಗಿದಾಗ ಅವಳ ಗಂಡ ಬಾಗಿಲಲ್ಲಿ ನಿಂತಿದ್ದರು. "ಏನಾಯ್ತು, ಜಗಳ ಮುಗೀತಾ?" ಎಂದರು.

"ಈಗ ಶುರುವಾಗೈತೆ" ಎಂದರು ಅತ್ತೆ. ಅವರ ಕಣ್ಣು ಒದ್ದೆಯಾಗಿತ್ತು. ಮಗಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, "ಇಂಥಾ ಗಂಟ್ಲು ಇಟ್ಕೊಂಡು ಬಾಯಿ ಆಡ್ಸ್ಕೊಂಡ್ ಇದ್ದೆಯಲ್ಲೇ" ಎಂದರು. ಪಾತ್ರೆಯ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಅದು ತರೀಕೆರೆಯಲ್ಲೇ ಇದೆ.

ಆ ಹಾಡನ್ನು ಬಳಗಕ್ಕೆ ಕಳಿಸಿದೆವು. ನಾದಿನಿ ಕುಟುಂಬದ ಗ್ರೂಪಿಗೆ ವಾಪಸು ಬಂದು ತಾನೇ ಅದನ್ನು ಅಲ್ಲಿಗೂ ಹಾಕಿದಳು. ಹಾಲಿನವನಿಗೆ ಹೇಗೋ ಸುದ್ದಿ ಮುಟ್ಟಿ, ಒಂದು ಬೆಳಿಗ್ಗೆ ಗೇಟಿನಲ್ಲಿ ನಿಂತು, "ಅವ್ರಿಗೆ ಉತ್ತರ ಕೊಡಕ್ಕೆ ಅವಕಾಶ ಕೊಟ್ರಿ, ನಂಗೆ ಕೊಡ್ಲಿಲ್ವಲ್ಲ ಟೀಚರೇ" ಎಂದ. ನ್ಯಾಯವಾದ ಮಾತು. ಅವನ ಪದ್ಯ ಮುಖ್ಯವಾಗಿ ಹಿಂಡಿಯ ಬೆಲೆಯ ಬಗ್ಗೆ ಇದೆ, ಸ್ವಲ್ಪ ಉದ್ದವಾಯಿತು.

ಈಗ ಭಾನುವಾರಗಳಲ್ಲಿ ನಾದಿನಿ ಬರುತ್ತಾಳೆ, ಇಲ್ಲವೇ ನಾವು ಹೋಗುತ್ತೇವೆ. ಅಜ್ಜಂಪುರದ ಸ್ಟೇಷನ್ನಿನಲ್ಲಿ ರೈಲು ತಡವಾದಾಗ ನಾನು ಬೆಂಚಿನ ಮೇಲೆ ಅಭ್ಯಾಸ ಮಾಡುವುದೂ ಉಂಟು. ಯಾರೂ ಈಗ ತಿರುಗಿ ನೋಡುವುದಿಲ್ಲ. ಹೊಸದಾಗಿ ಬಳಗ ಸೇರಿದ ಒಬ್ಬ ಹೆಂಗಸು ಮೊನ್ನೆ ನಾದಿನಿಯ ಹಾಡನ್ನು ಕಲಿಯಲು ಹೊರಟು, ಸ್ವರವೆಲ್ಲ ಸರಿಯಾಗಿ ಹಿಡಿದರೂ ಅದು ಅದರ ಹಾಗೆ ಕೇಳಿಸುತ್ತಿಲ್ಲ, ಏನು ಮಾಡಲಿ ಎಂದು ಬರೆದಿದ್ದರು. ನಾದಿನಿಗೆ ಓದಿ ಹೇಳಿದೆ. ಅವಳು ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದಳು.

"ಮೊದ್ಲು ಯಾರ್ ಮೇಲಾದ್ರೂ ಒಂದೀಟು ಸಿಟ್ಟು ಮಾಡ್ಕೊಳಕ್ಕೆ ಹೇಳಿ ಅತ್ಗೆ" ಎಂದಳು. "ಸ್ವರ ತಾನಾಗೇ ಬತ್ತದೆ."

ಹಾಗೇ ಬರೆದು ಕಳಿಸಿದೆ. ಆ ಹೆಂಗಸು, ನನಗೊಬ್ಬಳು ಅಕ್ಕ ಇದ್ದಾಳೆ, ಪ್ರಯತ್ನಿಸುತ್ತೇನೆ ಎಂದು ಉತ್ತರ ಕೊಟ್ಟಿದ್ದಾರೆ.